ಹತ್ತು ಗ್ರಾಮಿನ ನೈಲಾನ್ ಎಳೆ

ಮುಂಬಯಿ ಲೋಕಲ್ ರೈಲಿನ ನೂಕುನುಗ್ಗಲಿಗೂ ಒಂದು ಅಳತೆಯಿದೆ. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಂತರೆ ಅದು ರೈಲ್ವೆಯ ಲೆಕ್ಕದಲ್ಲಿ ಅತಿದಟ್ಟಣೆ. ಬೆಳಗ್ಗೆ ಎಂಟರ ಆಸುಪಾಸಿನಲ್ಲಿ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತುವವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನಿನ ಚೀಲ ಎದೆಯ ಮೇಲೆ ಬಂದಿರುತ್ತದೆ. ಪಕ್ಕೆಗೆ ಯಾರದೋ ಮೊಣಕೈ, ಮೀನಖಂಡಕ್ಕೆ ಯಾರದೋ ಟಿಫಿನ್ ಡಬ್ಬಿ, ಭುಜಕ್ಕೆ ಇನ್ಯಾರದೋ ಗಲ್ಲ. ರೈಲು ಹೊರಟ ಹೊಸತರಲ್ಲಿ ಇವೆಲ್ಲ ಒಂದೊಂದೂ ಬೇರೆ ಬೇರೆಯಾಗಿ ಗೊತ್ತಾಗುತ್ತಿರುತ್ತವೆ. ದಿವಾ ದಾಟುವಷ್ಟರಲ್ಲಿ ಮೊಣಕೈ ಮಾಯ. ಕಳವಾ ಹತ್ತಿರವಾಗುವ ಹೊತ್ತಿಗೆ ಡಬ್ಬಿಯೂ ಇಲ್ಲ, ಗಲ್ಲವೂ ಇಲ್ಲ. ನಾವು ಮನೆಯ ಸಾಲದ ಕಂತಿನ ಬಗ್ಗೆಯೋ ರಾತ್ರಿ ನೋಡಿದ ಕ್ರಿಕೆಟ್ಟಿನ ಬಗ್ಗೆಯೋ ಯೋಚಿಸುತ್ತಿರುತ್ತೇವೆ.

ಮೊಣಕೈ ಎಲ್ಲೂ ಹೋಗಿಲ್ಲ. ಅದು ಒತ್ತುತ್ತಿರುವ ಬಲವೂ ಮೊದಲಿನಷ್ಟೇ. ಥಾಣೆಯಲ್ಲಿ ಇಳಿಯಬೇಕಾದವರು ಬಾಗಿಲ ಕಡೆಗೆ ಒಂದಿಂಚು ಸರಿದರೆ ಸಾಕು, ಮೊಣಕೈ, ಡಬ್ಬಿ, ಗಲ್ಲ ಮೂರೂ ಒಟ್ಟಿಗೆ ಹಾಜರ್. ಅಂದರೆ ಎಷ್ಟು ಬಲ ಬೀಳುತ್ತಿದೆ ಎಂದು ಲೆಕ್ಕ ಒಪ್ಪಿಸುತ್ತ ಕೂರುವುದು ಚರ್ಮದ ಕೆಲಸವಲ್ಲ. ಬಲ ಬದಲಾದಾಗ ಅದು ಬಾಯಿ ಬಿಡುತ್ತದೆ, ಬದಲಾಗದಿದ್ದರೆ ಬಹುಪಾಲು ಸುಮ್ಮನಿರುತ್ತದೆ. ಪಾಕೀಟುಮಾರರಿಗೆ ಇದು ಯಾವ ಶರೀರಶಾಸ್ತ್ರಜ್ಞನಿಗಿಂತಲೂ ಮೊದಲೇ ತಿಳಿದಿತ್ತು. ಹಿಂದಿನ ಜೇಬಿನಲ್ಲಿ ಗಂಟೆಗಟ್ಟಲೆ ಕೂತ ಪಾಕೀಟನ್ನು ಚರ್ಮ ಮರೆತಿರುತ್ತದೆ. ಅದನ್ನು ಎಳೆಯುವ ಕ್ಷಣದಲ್ಲಿ ಭುಜಕ್ಕೊಂದು ಜೋರಾದ ತಳ್ಳು ಬಿದ್ದರೆ, ದೊಡ್ಡ ಸುದ್ದಿಯ ಗದ್ದಲದಲ್ಲಿ ಚಿಕ್ಕ ಸುದ್ದಿ ಕೇಳಿಸುವುದಿಲ್ಲ.

ಚರ್ಮದ ಈ ಸ್ವಭಾವ ಮೊದಲು ದಾಖಲಾದದ್ದು 1926ರಲ್ಲಿ. ಕೇಂಬ್ರಿಜಿನ ಎಡ್ಗರ್ ಏಡ್ರಿಯನ್ ಮತ್ತು ಸ್ವೀಡನ್ನಿನಿಂದ ಅಲ್ಲಿಗೆ ಬಂದಿದ್ದ ಇಂಗ್ವೆ ಜೊಟರ್‌ಮನ್ ಬೆಕ್ಕಿನ ಪಾದವನ್ನು ಒತ್ತಿ, ಅಲ್ಲಿಂದ ಹೊರಡುವ ನರದಲ್ಲಿ ಹರಿಯುವ ವಿದ್ಯುತ್ ಮಿಡಿತಗಳನ್ನು ಹಿಡಿದರು. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೊಂದು ಮಿಡಿತದ ಗಾತ್ರ ಒಂದೇ. ಜೋರಾಗಿ ಒತ್ತಿದಾಗ ಸೆಕೆಂಡಿಗೆ ಬರುವ ಮಿಡಿತಗಳ ಸಂಖ್ಯೆ ಹೆಚ್ಚುತ್ತಿತ್ತು, ಅಷ್ಟೆ. ಒತ್ತಿದ್ದನ್ನು ಹಾಗೆಯೇ ಹಿಡಿದಿಟ್ಟರೆ ಆ ಸಂಖ್ಯೆ ಇಳಿಯುತ್ತ ಹೋಗುತ್ತಿತ್ತು. ನರಗಳು ಸುದ್ದಿ ಸಾಗಿಸುವ ಲಿಪಿ ಯಾವುದೆಂದು ಆಗ ಗೊತ್ತಾಯಿತು. ಏಡ್ರಿಯನ್ನರಿಗೆ 1932ರಲ್ಲಿ ನೊಬೆಲ್ ಬಂತು.

ಬೆಕ್ಕಿನಿಂದ ಮನುಷ್ಯನಿಗೆ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಓಕೆ ವಾಲ್ಬೊ ಮತ್ತು ಕಾರ್ಲ್ ಎರಿಕ್ ಹಾಗ್‌ಬಾರ್ತ್ ಕೂದಲೆಳೆಯಂಥ ಟಂಗ್‌ಸ್ಟನ್ ಸೂಜಿಯನ್ನು ತಮ್ಮದೇ ತೋಳಿನ ನರಕ್ಕೆ ಚುಚ್ಚಿಕೊಂಡರು. ಎಚ್ಚರವಾಗಿರುವ ಮನುಷ್ಯನ ಒಂದೇ ಒಂದು ನರತಂತು ಏನು ಹೇಳುತ್ತಿದೆ ಎಂಬುದು ಹೀಗೆ ಕೇಳಿಸತೊಡಗಿತು. ಆ ವಿಧಾನದಿಂದಲೇ ವಾಲ್ಬೊ ಮತ್ತು ರೋಲಂಡ್ ಯೊಹಾನ್ಸನ್ 1979ರಲ್ಲಿ ಅಂಗೈಯ ಲೆಕ್ಕ ಕೊಟ್ಟರು: ಒಂದು ಕೈಯ ಒಳಬದಿಯಲ್ಲಿ ಸ್ಪರ್ಶದ ತಂತುಗಳು ಸುಮಾರು 17,000. ಬೆರಳ ತುದಿಯಲ್ಲಿ ಅವು ಕಿಕ್ಕಿರಿದಿವೆ, ಅಂಗೈ ನಡುವೆ ವಿರಳ. 2020ರ ಇನ್ನೊಂದು ಅಂದಾಜಿನಂತೆ ಇಡೀ ಮೈಯಲ್ಲಿ ಇಂಥ ತಂತುಗಳು 2.3 ಲಕ್ಷದಷ್ಟು. ಮುಖಕ್ಕೂ ಅಂಗೈಗಳಿಗೂ ಹೋಲಿಸಿದರೆ ಬೆನ್ನಿನ ಪಾಲು ತೀರ ಕಡಿಮೆ.

ಈ ತಂತುಗಳ ತುದಿಯಲ್ಲಿ ಏನಿದೆ? ಇಲ್ಲಿ ಫಿಲಿಪ್ಪೊ ಪಚೀನಿಯ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. 1831ರಲ್ಲಿ ಇಟಲಿಯ ಪಿಸ್ತೋಯಾದಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ ಅವನು. ಶವದ ಕೈ ಕೊಯ್ಯುತ್ತಿದ್ದಾಗ ಬೆರಳ ನರಗಳ ಉದ್ದಕ್ಕೂ ಒಂದು ಮಿಲಿಮೀಟರಿನಷ್ಟು ಉದ್ದದ ಬಿಳಿ ಕಾಳುಗಳು ಅಂಟಿಕೊಂಡಿರುವುದು ಬರಿಗಣ್ಣಿಗೇ ಕಂಡಿತು. ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ ಅಬ್ರಹಾಂ ವಾಟರ್ 1741ರ ಸುಮಾರಿಗೇ ಇವನ್ನು ನೋಡಿದ್ದ, ಆದರೆ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಪಚೀನಿ ಅವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು 1840ರಲ್ಲಿ ಪ್ರಕಟಿಸಿದ. ಪಾಪದ ಮನುಷ್ಯ. 1854ರಲ್ಲಿ ಫ್ಲಾರೆನ್ಸಿಗೆ ಕಾಲರಾ ಬಡಿದಾಗ ಅದರ ರೋಗಾಣುವನ್ನೂ ಅವನು ಕಂಡು ಬರೆದಿಟ್ಟ. ಆ ಕೀರ್ತಿ ಮೂರು ದಶಕಗಳ ನಂತರ ರಾಬರ್ಟ್ ಕಾಖ್‌ಗೆ ಹೋಯಿತು. ಚರ್ಮದ ಕಾಳಿಗೆ ಮಾತ್ರ ಅವನ ಹೆಸರು ಉಳಿಯಿತು.

ಪಚೀನಿ ಕಾಳನ್ನು ಅಡ್ಡಕ್ಕೆ ಕೊಯ್ದರೆ ಈರುಳ್ಳಿ. ನಡುವಿನಲ್ಲಿ ಬೋಳು ನರದ ತುದಿ, ಅದರ ಸುತ್ತ ಹತ್ತಾರು ತೆಳು ಪದರ, ಪದರಗಳ ನಡುವೆ ದ್ರವ. ಹೊರಗಿನಿಂದ ನಿಧಾನವಾಗಿ ಒತ್ತಿದರೆ ದ್ರವ ಆಚೀಚೆ ಸರಿದು, ಪದರಗಳು ಒಂದರ ಮೇಲೊಂದು ಜಾರಿ, ಆ ಒತ್ತಡವನ್ನು ಹೊರಗೇ ನುಂಗಿಬಿಡುತ್ತವೆ. ಒಳಗಿನ ನರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಥಟ್ಟನೆ ಒತ್ತಿದರೆ ದ್ರವಕ್ಕೆ ಸರಿಯಲು ಪುರುಸೊತ್ತಿಲ್ಲ, ತಳ್ಳು ನೇರ ಒಳಗೆ ಹೋಗುತ್ತದೆ, ನರ ಮಿಡಿಯುತ್ತದೆ. ಕೈ ತೆಗೆದಾಗ ಪದರಗಳು ಹಿಗ್ಗುವುದರಿಂದ ಮತ್ತೊಮ್ಮೆ ಮಿಡಿಯುತ್ತದೆ. 1965ರಲ್ಲಿ ವರ್ನರ್ ಲೋವೆನ್‌ಸ್ಟೈನ್ ಮತ್ತು ಮೆಂಡೆಲ್‌ಸನ್ ಈ ಪದರಗಳನ್ನು ಒಂದೊಂದಾಗಿ ಸುಲಿದು ನೋಡಿದರು. ಬೋಳಾದ ತುದಿಯನ್ನು ಒತ್ತಿ ಹಿಡಿದಾಗ ಅದರ ವಿದ್ಯುತ್ ಪ್ರತಿಕ್ರಿಯೆ ಮೊದಲಿನಂತೆ ಕೂಡಲೇ ಬತ್ತಲಿಲ್ಲ, ಬಹುಹೊತ್ತು ಉಳಿಯಿತು. ಮೊಣಕೈಯನ್ನು ಮರೆಯುವ ಕೆಲಸದ ಒಂದು ಪಾಲು ಮಿದುಳಿಗೆ ಹೋಗುವ ಮೊದಲೇ, ಚರ್ಮದ ಆಳದ ಈ ಪದರಗಳಲ್ಲಿಯೇ ಮುಗಿದಿರುತ್ತದೆ.

ಪಚೀನಿ ಕಾಳಿಗೆ ಇಷ್ಟವಾದದ್ದು ಕಂಪನ, ಅದರಲ್ಲೂ ಸೆಕೆಂಡಿಗೆ 200ರಿಂದ 300 ಸಲ ನಡುಗುವ ಕಂಪನ. ಆ ಮಟ್ಟದಲ್ಲಿ ಚರ್ಮ ಅಲುಗಿದ್ದು ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಾದರೂ ಅದಕ್ಕೆ ಸಾಕು. ಆದ್ದರಿಂದಲೇ ನಾವು ಕೈಯಲ್ಲಿ ಹಿಡಿದ ಸಾಮಾನಿನ ಇನ್ನೊಂದು ತುದಿಯಲ್ಲಿ ನಡೆಯುವುದು ನಮಗೆ ತಿಳಿಯುತ್ತದೆ. ಡೊಂಬಿವಲಿಯ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತವನನ್ನು ಗಮನಿಸಿ. ಅವನು ದೋಸೆಯ ಅಂಚಿನಡಿಗೆ ಸಟ್ಟುಗ ತೂರಿಸುತ್ತಾನೆ. ಎದ್ದ ದೋಸೆಯ ಅಡಿಯಲ್ಲಿ ಸಟ್ಟುಗ ಓಡುವ ಬಗೆಯೇ ಬೇರೆ, ಹಿಡಿದುಕೊಂಡ ದೋಸೆಯನ್ನು ಕೆರೆಯುವ ಬಗೆಯೇ ಬೇರೆ. ಆ ಎರಡರ ಕಂಪನ ಹಿಡಿಕೆಯ ಉದ್ದಕ್ಕೂ ಬಂದು ಅಂಗೈ ಸೇರುತ್ತದೆ. ಅವನ ಕಣ್ಣು ಹೊರಗೆ ಆರ್ಡರ್ ಕೂಗುತ್ತಿರುವ ಹುಡುಗನ ಮೇಲಿದ್ದರೂ ಕೈ ಸರಿಯಾದ ಗಳಿಗೆಗೆ ಮಗುಚುತ್ತದೆ. ಬೆರಳು ದೋಸೆಯನ್ನು ಮುಟ್ಟಿಯೇ ಇಲ್ಲ. ಎಷ್ಟೋ ವರ್ಷದ ಕಾಯಿಗಟ್ಟಿದ ಅಂಗೈ ಬೇರೆ. ಆದರೂ ನಡೆಯುತ್ತದೆ, ಯಾಕೆಂದರೆ ಈ ಕಾಳುಗಳು ಮೇಲ್ಚರ್ಮದಲ್ಲಿಲ್ಲ, ಆಳದಲ್ಲಿವೆ.

ಮೇಲ್ಪದರದ ಹತ್ತಿರ ಇಂಥ ಗ್ರಾಹಕಗಳು, ಎಂದರೆ ಸ್ಪರ್ಶ ಹಿಡಿಯುವ ತುದಿಗಳು, ಇನ್ನೆರಡಿವೆ. 1852ರಲ್ಲಿ ಗೇಯೊರ್ಗ್ ಮೈಸ್ನರ್ ತನ್ನ ಗುರು ರುಡಾಲ್ಫ್ ವಾಗ್ನರ್ ಜೊತೆ ವರ್ಣಿಸಿದ ಮೈಸ್ನರ್ ಗ್ರಾಹಕ ಒಂದು. ಬೆರಳಚ್ಚಿನ ಏಣುಗಳ ಕೆಳಗೇ ಕೂತು, ವಸ್ತು ಜಾರುವಾಗಿನ ನವಿರು ಅಲುಗಾಟವನ್ನು ಹಿಡಿಯುವುದು ಅದರ ಕಸುಬು. ಇನ್ನೊಂದು 1875ರ ಮರ್ಕೆಲ್ ಕೋಶ. ಒತ್ತಿದ್ದು ಇನ್ನೂ ಒತ್ತುತ್ತಿದೆ ಎಂದು ಬಿಡದೆ ವರದಿ ಮಾಡುತ್ತಿರುವುದು ಇದರ ತಂತು. ಅಂಚು, ಮೊನೆ, ಬ್ರೈಲ್ ಚುಕ್ಕಿ ಇವೆಲ್ಲ ಮುಖ್ಯವಾಗಿ ಇದರ ಪಾಲಿಗೆ ಬರುತ್ತವೆ. ನಾಲ್ಕನೆಯದಾಗಿ ಚರ್ಮದ ಎಳೆತವನ್ನು ಹೇಳುವ ರುಫಿನಿ ತುದಿಯ ಹೆಸರನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ನಾಲ್ಕು ಗ್ರಾಹಕ, ನಾಲ್ಕು ಬಗೆಯ ತಂತು, ಒಂದಕ್ಕೊಂದು ಜೋಡಿ, ಚಿತ್ರ ಚೊಕ್ಕ. ಆದರೆ ಮನುಷ್ಯರ ಬೆರಳಿನಲ್ಲಿ ರುಫಿನಿ ತುದಿಗಳನ್ನು ನಿಜವಾಗಿ ಹುಡುಕಿದವರಿಗೆ ಅವು ಹೆಚ್ಚುಕಡಿಮೆ ಸಿಗಲೇ ಇಲ್ಲ. ಎಳೆತವನ್ನು ಹೇಳುವ ತಂತು ಇರುವುದು ಖಂಡಿತ. ಅದರ ತುದಿಯಲ್ಲಿರುವುದು ಪುಸ್ತಕದ ಚಿತ್ರದಲ್ಲಿರುವುದೇ ಎಂಬುದು ಅಷ್ಟು ಖಂಡಿತವಲ್ಲ. ಪರೀಕ್ಷೆಗೆ ಓದುವ ಮಕ್ಕಳು ಈ ವಾಕ್ಯವನ್ನು ಬಿಟ್ಟು ಓದಬಹುದು.

ಕಲ್ಯಾಣ್ ಸ್ಟೇಶನ್ನಿನ ಹೊರಗೆ ಕಟಿಂಗ್ ಚಹಾ ಕುಡಿಯುವಾಗ ಇವೆಲ್ಲ ಕೂಡಿ ಕೆಲಸ ಮಾಡುವುದನ್ನು ನೋಡಬಹುದು. ಆಗಷ್ಟೇ ತೊಳೆದ ಗಾಜಿನ ಲೋಟ, ಹೊರಗೆಲ್ಲ ಒದ್ದೆ, ಒಳಗೆ ಸುಡುವ ಚಹಾ. ಎರಡು ಬೆರಳಿನಲ್ಲಿ ಮೇಲಂಚು ಹಿಡಿದು ಎತ್ತುತ್ತೇವೆ. ಲೋಟ ಕೂದಲೆಳೆಯಷ್ಟು ಜಾರುತ್ತದೆ. ಸುಮಾರು 70 ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಹತ್ತನೇ ಒಂದು ಪಾಲಿಗೂ ಮೊದಲು, ಹಿಡಿತ ಬಿಗಿಯಾಗಿರುತ್ತದೆ. ಜಾರಿತು ಎಂದು ನಮಗೆ ಅನಿಸಿಯೇ ಇರುವುದಿಲ್ಲ. ಯೊಹಾನ್ಸನ್ ಮತ್ತು ಯೋರನ್ ವೆಸ್ಟ್‌ಲಿಂಗ್ 1984ರಿಂದ ಇದನ್ನೇ ಅಳೆಯುತ್ತ ಬಂದರು. ಜಾರದಿರಲು ಎಷ್ಟು ಬೇಕೋ ಅದಕ್ಕಿಂತ ಸ್ವಲ್ಪವೇ ಹೆಚ್ಚು ಬಲವನ್ನು ಬೆರಳುಗಳು ಬಳಸುತ್ತವೆ, ಅತಿಯಾಗಿ ಅದುಮುವುದಿಲ್ಲ. ಬೆರಳ ತುದಿಗೆ ಅರಿವಳಿಕೆ ಚುಚ್ಚಿ ಬೆಂಕಿಕಡ್ಡಿ ಗೀರಲು ಹೇಳಿದ ಅವರ ಪ್ರಯೋಗ ಹೆಸರುವಾಸಿ. ಕಣ್ಣು ಸರಿಯಿದೆ, ಸ್ನಾಯು ಸರಿಯಿದೆ. ಆದರೂ ಕಡ್ಡಿ ತೆಗೆದು ಗೀರಿ ಹತ್ತಿಸಲು ಮೂರು ಪಟ್ಟು ಹೊತ್ತು, ನಡುವೆ ಕಡ್ಡಿ ಬೀಳುತ್ತದೆ. ಅರಿವಿಲ್ಲದ ಬೆರಳು ಬಲ ಹೆಚ್ಚು ಹಾಕುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒತ್ತಡ ವಿದ್ಯುತ್ತಾಗುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಬೈರೂತಿನಲ್ಲಿ ಹುಟ್ಟಿ ಹದಿನೆಂಟರ ವಯಸ್ಸಿನಲ್ಲಿ ಅಮೆರಿಕಕ್ಕೆ ಹೋದ ಆರ್ಮೇನಿಯನ್ ಮೂಲದ ಆರ್ಡೆಮ್ ಪಟಾಪೂಟಿಯನ್, ಅವರ ಪ್ರಯೋಗಾಲಯದ ಬರ್ಟ್ರಾಂಡ್ ಕೋಸ್ಟ್, ಇವರ ಕೈಯಲ್ಲಿ ಗಾಜಿನ ಸೂಜಿಯಿಂದ ತಿವಿದರೆ ಒಂದಿಷ್ಟು ವಿದ್ಯುತ್ ಹರಿಸುವ ಜೀವಕೋಶವಿತ್ತು. ಇದಕ್ಕೆ ಕಾರಣವಾಗಿರಬಹುದಾದ 72 ಜೀನುಗಳ ಪಟ್ಟಿ ಮಾಡಿದರು. ಒಂದನ್ನು ಸುಮ್ಮನಾಗಿಸುವುದು, ತಿವಿದು ನೋಡುವುದು, ವಿದ್ಯುತ್ ಬಂದರೆ ಮುಂದಿನದಕ್ಕೆ ಹೋಗುವುದು. ಎಪ್ಪತ್ತೊಂದಕ್ಕೂ ವಿದ್ಯುತ್ ಬಂತು. ಎಪ್ಪತ್ತೆರಡನೆಯದನ್ನು ನಿಲ್ಲಿಸಿದಾಗ ತಿವಿದರೂ ಕೋಶ ಮಿಸುಕಲಿಲ್ಲ. 2010ರಲ್ಲಿ ಪ್ರಕಟವಾದ ಆ ಪ್ರೋಟೀನಿಗೆ ಪೀಜೋ-1 ಎಂದು ಹೆಸರಾಯಿತು. ಚರ್ಮದ ಸ್ಪರ್ಶದಲ್ಲಿ ಮುಖ್ಯ ಪಾತ್ರ ಅದರ ತಮ್ಮ ಪೀಜೋ-2ರದು. ಕೋಶದ ಪೊರೆಯಲ್ಲಿ ಮೂರು ಬಾಗಿದ ರೆಕ್ಕೆ ಹರಡಿ ಕೂತಿರುವ ದೊಡ್ಡ ಪ್ರೋಟೀನು ಇದು. ತಾನಿರುವ ಜಾಗದ ಪೊರೆಯನ್ನೇ ಇದು ಒಳಕ್ಕೆ ಬಾಗಿಸಿರುತ್ತದೆ. ಒತ್ತಡ ಬಿದ್ದು ಪೊರೆ ಬಿಗಿದರೆ ರೆಕ್ಕೆಗಳು ಚಪ್ಪಟೆಯಾಗಿ ನಡುವಿನ ರಂಧ್ರ ತೆರೆಯುತ್ತದೆ, ಧನ ಅಯಾನುಗಳು ಒಳನುಗ್ಗುತ್ತವೆ, ಮಿಡಿತ ಹೊರಡುತ್ತದೆ. ಕೆಲವು ಮಿಲಿಸೆಕೆಂಡಿನ ಕೆಲಸ. ಮರ್ಕೆಲ್ ಕೋಶಕ್ಕೆ ಸ್ಪರ್ಶ ತಿಳಿಯುತ್ತದೋ ಅದಕ್ಕೆ ಅಂಟಿದ ನರಕ್ಕೆ ತಿಳಿಯುತ್ತದೋ ಎಂದು ನೂರು ವರ್ಷ ನಡೆದ ಜಗಳವೂ 2014ರಲ್ಲಿ ತಣ್ಣಗಾಯಿತು: ಎರಡರಲ್ಲೂ ಪೀಜೋ-2 ಇದೆ. ಪಟಾಪೂಟಿಯನ್ ಮತ್ತು ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು.

ಪೀಜೋ-2 ಹುಟ್ಟಿನಿಂದಲೇ ಇಲ್ಲದ ಇಬ್ಬರ ವಿವರ 2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ ಪ್ರಕಟವಾಯಿತು. ನೋವು ಗೊತ್ತಾಗುತ್ತಿತ್ತು, ಬಿಸಿ ತಣ್ಣಗೆ ಗೊತ್ತಾಗುತ್ತಿತ್ತು. ಕಂಪಿಸುವ ಸಾಧನವನ್ನು ಚರ್ಮಕ್ಕಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಹೇಗೋ ನಡೆಯುತ್ತಿದ್ದರು, ಕಣ್ಣು ಕಟ್ಟಿದರೆ ನಡೆಯಲಾಗುತ್ತಿರಲಿಲ್ಲ.

ನಮಗೆಲ್ಲ ಇದರ ಸಣ್ಣ ಅನುಭವ ದಿನವೂ ಆಗುತ್ತದೆ. ಲೋಕಲಿನ ಸೆಕೆಂಡ್ ಕ್ಲಾಸ್ ಬೆಂಚು ಮೂವರಿಗೆ ಮಾಡಿದ್ದು. ನಾಲ್ಕನೆಯವರು ಅಂಚಿನಲ್ಲಿ ಅರ್ಧ ಕೂರುತ್ತಾರೆ, ಇದಕ್ಕೆ ಫೋರ್ತ್ ಸೀಟ್ ಎಂದೇ ಹೆಸರು. ದಯೆಯಿಂದ ಸಿಕ್ಕ ಆ ಆರಿಂಚು ಜಾಗದಲ್ಲಿ ಬೆಂಚಿನ ಅಂಚು ತೊಡೆಯ ಹಿಂಬದಿಯನ್ನು ಒತ್ತುತ್ತಿರುತ್ತದೆ. ಘಾಟ್‌ಕೋಪರಿನಿಂದ ಡೊಂಬಿವಲಿಗೆ ಬಂದು ಎದ್ದರೆ ಕಾಲು ಜೋಮು ಹಿಡಿದಿರುತ್ತದೆ. ಒತ್ತಡದಿಂದ ನರಕ್ಕೆ ರಕ್ತದ ಸರಬರಾಜು ಕುಗ್ಗಿದಾಗ ಮೊದಲು ಕೈಕೊಡುವುದು ದಪ್ಪ ತಂತುಗಳು. ಸ್ಪರ್ಶ ಮತ್ತು ಒತ್ತಡದ ಸುದ್ದಿ ಸಾಗುವುದು ಅವುಗಳಲ್ಲೇ. ನೋವಿನ ತೆಳು ತಂತುಗಳು ಕೊನೆಯವರೆಗೂ ತಡೆಯುತ್ತವೆ. ಆದ್ದರಿಂದ ಪ್ಲಾಟ್‌ಫಾರ್ಮ್ ಮೇಲೆ ಕಾಲಿಟ್ಟರೆ ನೆಲವಿದೆಯೋ ಇಲ್ಲವೋ ತಿಳಿಯದು, ಹೆಜ್ಜೆ ವಾಲುತ್ತದೆ, ಚಪ್ಪಲಿ ಕಳಚಿದರೂ ಗೊತ್ತಾಗದು. ಎರಡು ನಿಮಿಷ ಇರುವೆ ಹರಿದಂತಾಗಿ ಸರಿಹೋಗುತ್ತದೆ.

ಸರಿಹೋಗದಿದ್ದರೆ? ಕಲ್ಯಾಣಿನ ಪತ್ರಿಪೂಲ್ ಬಳಿ ಹನುಮಾನ್ ನಗರ ಎಂಬ ಕುಷ್ಠಬಾಧಿತರ ವಸತಿಯಿದೆ. ಅಲ್ಲಿಯವರ ನಡುವೆ ಬಹುಕಾಲ ದುಡಿದ ಡೊಂಬಿವಲಿಯ ಗಜಾನನ ಜಗನ್ನಾಥ ಮಾನೆ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ವಸತಿಯ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ಪನ್ವೇಲ್ ಬಳಿಯ ನೆರೆ ಎಂಬ ಊರಿನಲ್ಲಿ ಕುಷ್ಠಬಾಧಿತರಿಗಾಗಿ ಶಾಂತಿವನವಿದೆ. ಮುಂಬಯಿಯಲ್ಲಿ ಮುನಿಸಿಪಲ್ ಕಮಿಷನರ್ ಆಕ್ವರ್ತ್ ಹೆಸರಿನ ಆಸ್ಪತ್ರೆ 1890ರಷ್ಟು ಹಳೆಯದು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠಾಲಯ ತೆರೆದದ್ದೂ ಅದೇ ವರ್ಷ, ಹಾಗಾಗಿ ಕರಾವಳಿಯಿಂದ ಇಲ್ಲಿಗೆ ಬಂದವರಿಗೆ ಈ ಲೋಕ ತೀರ ಹೊಸದಲ್ಲ.

ಕುಷ್ಠ ಬಂದರೆ ಬೆರಳು ಕೊಳೆತು ಉದುರುತ್ತದೆ ಎಂದು ಊರೆಲ್ಲ ನಂಬಿತ್ತು, ಪಾಪದ ಫಲ ಎಂದೂ ಸೇರಿಸುತ್ತಿತ್ತು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದ ಈ ರೋಗಾಣು ಬೆರಳು ತಿನ್ನುವುದಿಲ್ಲ. ಅದಕ್ಕೆ ತಂಪು ಜಾಗ ಬೇಕು, ಚರ್ಮದ ಹತ್ತಿರ ಹಾಯುವ ನರಗಳು ಬೇಕು. ಮೊಣಕೈ ತಗುಲಿದಾಗ ಝುಮ್ಮೆನ್ನುತ್ತದಲ್ಲ, ಆ ನರ ಅದಕ್ಕೆ ಪ್ರಿಯ. ಕಣಕಾಲಿನ ಒಳಗಂಟಿನ ಹಿಂದೆ ಹಾದು ಅಂಗಾಲಿಗೆ ಹೋಗುವ ನರವೂ ಪ್ರಿಯ. ನರತಂತುವನ್ನು ಸುತ್ತಿರುವ ಕೋಶಗಳೊಳಗೆ ಅದು ಮನೆ ಮಾಡುತ್ತದೆ. ನರ ಊದಿಕೊಂಡು ಸಾಯುತ್ತದೆ. ಅಂಗಾಲಿನ ಗ್ರಾಹಕಗಳಿಂದ ಸುದ್ದಿ ತರುವ ತಂತಿ ಕಡಿದಿರುತ್ತದೆ.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್‌ಗೆ ಇದರ ಮುಂದಿನ ಭಾಗ ಅರ್ಥವಾಯಿತು. ತುಕ್ಕು ಹಿಡಿದ ಬೀಗವೊಂದನ್ನು ತನ್ನಿಂದ ತೆಗೆಯಲಾಗದೆ ನಿಂತಿದ್ದಾಗ ರೋಗಿಯಾದ ಚಿಕ್ಕ ಹುಡುಗ ಕೀಲಿ ಹಿಡಿದು ತಿರುಗಿಸಿಬಿಟ್ಟದ್ದನ್ನು ಅವರು ಬರೆದಿದ್ದಾರೆ. ಹುಡುಗನ ಬೆರಳು ನೋಡಿದರೆ ಎಲುಬು ಕಾಣುವಷ್ಟು ಕೊಯ್ದಿತ್ತು. ಅವನಿಗೆ ಹೆಚ್ಚಿನ ಶಕ್ತಿ ಇರಲಿಲ್ಲ, ಸಾಕು ಎನ್ನುವ ಸುದ್ದಿ ಬರುತ್ತಿರಲಿಲ್ಲ. ಬೆರಳು ಚಿಕ್ಕದಾಗುವುದು ಹೀಗೆ: ಸುಟ್ಟು, ಕೊಯ್ದು, ಕೀವಾಗಿ, ಮತ್ತೆ ಸುಟ್ಟು. ರಾತ್ರಿ ಮಲಗಿದಾಗ ಇಲಿ ಕಚ್ಚಿದ್ದೂ ಉಂಟು.

ಆದರೆ ಅಂಗಾಲಿನ ಕಥೆಯಲ್ಲಿ ಮುಳ್ಳು, ಗಾಜಿಗಿಂತ ದೊಡ್ಡ ವೈರಿ ಬರಿಯ ನಡಿಗೆ. ಒಮ್ಮೆ ಒತ್ತಿದರೆ ಏನೂ ಆಗದಂಥ ಸಾಧಾರಣ ಒತ್ತಡ ಒಂದೇ ಜಾಗದಲ್ಲಿ ಸಾವಿರಾರು ಸಲ ಬಿದ್ದರೆ ಮಾಂಸ ಬಿಸಿಯಾಗಿ ಊದಿ ಒಳಗೇ ಒಡೆಯುತ್ತದೆ ಎಂದು ಬ್ರ್ಯಾಂಡ್ ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಇಲಿಗಳ ಪಾದದ ಮೇಲೆ ಪರೀಕ್ಷಿಸಿ ತೋರಿಸಿದರು. ನಾವು ದೂರ ನಡೆದಾಗ ಇದು ಯಾಕೆ ಆಗುವುದಿಲ್ಲ? ಒಂದು ಜಾಗ ಕಾದರೆ ನಮಗೆ ಗೊತ್ತಾಗದಂತೆಯೇ ಭಾರ ಹೊರ ಅಂಚಿಗೆ ಹೋಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಕುಂಟು ಬರುತ್ತದೆ. ನಿಂತಲ್ಲೂ ಕಾಲು ಬದಲಿಸುತ್ತಲೇ ಇರುತ್ತೇವೆ. ಮೊಣಕೈಯನ್ನು ಮರೆತ ಚರ್ಮ ಇಲ್ಲಿ ಏನನ್ನೂ ಮರೆತಿಲ್ಲ, ನಮ್ಮನ್ನು ಕೇಳದೆಯೇ ತಿದ್ದುಪಡಿ ನಡೆಸುತ್ತಿದೆ. ಅರಿವು ಹೋದವರ ಹೆಜ್ಜೆ ಬೆಳಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತದೆ. ಪತ್ರಿಪೂಲಿನಿಂದ ಸ್ಟೇಶನ್ನಿಗೆ ಹೋಗಿಬರುವ ನಡಿಗೆಯೇ ಸಾಕು, ಹೆಬ್ಬೆರಳ ಬುಡದಲ್ಲಿ ಹುಣ್ಣು ಏಳಲು. ನೋವಿಲ್ಲದ್ದರಿಂದ ಮರುದಿನವೂ ಅದರ ಮೇಲೇ ನಡೆಯುತ್ತಾರೆ.

1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆ ರೋಗಾಣುವನ್ನು ಕೊಲ್ಲುತ್ತದೆ. 2005ರ ಕೊನೆಗೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಎಂಬ ಗುರಿಯನ್ನು ದೇಶ ಮುಟ್ಟಿತು. ಹಾಗಿದ್ದೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಭಾರತದವರೇ. ನರದ ಹಾನಿ ಆರು ತಿಂಗಳೊಳಗೆ ಕಂಡರೆ ಸ್ಟೆರಾಯ್ಡ್ ಕೊಟ್ಟು ಒಂದಿಷ್ಟು ಉಳಿಸಬಹುದು. ಹಳೆಯ ಹಾನಿಗೆ ಮದ್ದಿಲ್ಲ. ರೋಗ ವಾಸಿಯಾಗಿ ಎಷ್ಟೋ ವರ್ಷವಾದವರಿಗೂ ಹೊಸ ಹುಣ್ಣು ಏಳುವುದು ಈ ಕಾರಣಕ್ಕೆ. ಅದನ್ನು ಕಂಡು ರೋಗ ಇನ್ನೂ ಇದೆ ಎಂದು ದೂರ ಸರಿಯುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅರಿವು ಕಳಕೊಂಡ ಅಂಗಾಲು ಈಗ ಕುಷ್ಠದವರದಷ್ಟೇ ಅಲ್ಲ. 2023ರಲ್ಲಿ ಹೊರಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಅವರಲ್ಲಿ ಬಹಳ ಮಂದಿಯ ಪಾದದ ನರಗಳು ವರ್ಷಗಟ್ಟಲೆ ಸಕ್ಕರೆಯಿಂದ ಸವೆಯುತ್ತವೆ. ಖಾರ್‌ಘರ್‌ನ ಆಕ್ಟ್ರೆಕ್‌ನಂಥ ಕ್ಯಾನ್ಸರ್ ಕೇಂದ್ರಗಳಿಗೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಮದ್ದು ಹಾಕಿಸಿಕೊಳ್ಳಲು ಹೋಗಿಬರುವವರಲ್ಲೂ ಕೆಲವರಿಗೆ ಅಂಗಿಯ ಗುಂಡಿ ಹಾಕಲಾಗದ ಜೋಮು ಬೆರಳಿಗೆ ಬರುತ್ತದೆ.

ಥಾಣೆಯಲ್ಲೋ ವಾಶಿಯಲ್ಲೋ ಸಕ್ಕರೆ ಕಾಯಿಲೆಯ ಶಿಬಿರಕ್ಕೆ ಹೋದವರು ಅರಿವು ಕಳಕೊಂಡ ಪಾದವನ್ನು ಗುರುತಿಸುವ ಪರೀಕ್ಷೆಯನ್ನು ನೋಡಿರುತ್ತೀರಿ. ಸಿಸ್ಟರ್ ಮೊದಲು ಕೈಗೊಮ್ಮೆ ನೈಲಾನ್ ಎಳೆ ತಾಗಿಸಿ, ಹೀಗಿರುತ್ತದೆ ಎಂದು ತೋರಿಸುತ್ತಾರೆ. ಆಮೇಲೆ ‘ಕಾಕಾ, ಡೋಳೆ ಮಿಟಾ’ ಎನ್ನುತ್ತಾರೆ. ಕಾಕಾ ಕಣ್ಣು ಮುಚ್ಚುತ್ತಾರೆ. ಹಿಡಿಕೆಯ ತುದಿಗೆ ಚುಚ್ಚಿದ ನೈಲಾನ್ ಎಳೆಯನ್ನು ಸಿಸ್ಟರ್ ಹೆಬ್ಬೆರಳ ಅಡಿಗೆ ನೆಟ್ಟಗೆ ಹಿಡಿದು, ಅದು ಬಾಗುವವರೆಗೆ ಒತ್ತಿ, ಎರಡು ಎಣಿಸುವಷ್ಟು ಹೊತ್ತು ಬಿಟ್ಟು ತೆಗೆಯುತ್ತಾರೆ. ‘ಹೋ’, ಹೌದು, ಎನ್ನುತ್ತಾರೆ ಕಾಕಾ. ಹೆಬ್ಬೆರಳ ಬುಡ. ‘ಹೋ.’ ನಡುಬೆರಳ ಬುಡ. ಕಾಕಾ ಸುಮ್ಮನಿದ್ದಾರೆ. ಗೊತ್ತಾಯಿತೇ ಎಂದು ಸಿಸ್ಟರ್ ಪ್ರತಿ ಸಲ ಕೇಳುವುದಿಲ್ಲ, ಕೇಳಿದರೆ ಮರ್ಯಾದೆಗೆ ಹೌದು ಎನ್ನುವವರೇ ಜಾಸ್ತಿ. ಕಾಯಿಗಟ್ಟಿದ ಜಾಗಕ್ಕೂ ಒತ್ತುವುದಿಲ್ಲ. ಮುಟ್ಟಿದ್ದು ಪಕ್ಕದಲ್ಲಿ ಕೂತ ಹೆಂಡತಿಗೆ ಕಾಣುತ್ತದೆ, ಕಾಕಾನಿಗೆ ತಿಳಿಯುವುದಿಲ್ಲ. ಎಷ್ಟೋ ಮನೆಗಳಲ್ಲಿ ವಿಷಯ ಬಯಲಾಗುವುದೇ ಆ ಕುರ್ಚಿಯಲ್ಲಿ.

ಆ ಎಳೆಯ ಜಾಣತನ ಅದು ಬಾಗುವುದರಲ್ಲಿದೆ. ನೆಟ್ಟಗಿರುವ ತೆಳು ಕಡ್ಡಿಯನ್ನು ತುದಿಯಿಂದ ಒತ್ತಿದರೆ ಒಂದು ಗೊತ್ತಾದ ಬಲಕ್ಕೆ ಅದು ಬಾಗುತ್ತದೆ. ಇನ್ನೂ ಒತ್ತಿದರೆ ಹೆಚ್ಚು ಬಾಗುತ್ತದೆಯೇ ಹೊರತು ಚರ್ಮದ ಮೇಲಿನ ಬಲ ಹೆಚ್ಚುವುದಿಲ್ಲ. ಒತ್ತುವವರ ಕೈ ಒರಟಾದರೂ ನಯವಾದರೂ ಬೀಳುವುದು ಹತ್ತು ಗ್ರಾಂ. ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ 1890ರ ದಶಕದಲ್ಲಿ ಕುದುರೆ ಕೂದಲಿನಿಂದ ಮಾಡಿದ್ದನ್ನು 1960ರಲ್ಲಿ ಜೋಸೆಫೀನ್ ಸೆಮ್ಸ್ ಮತ್ತು ಸಿಡ್ನಿ ವೈನ್‌ಸ್ಟೈನ್ ನೈಲಾನಿಗೆ ತಂದರು. ಹತ್ತು ಗ್ರಾಂ ತಿಳಿಯದ ಪಾದ ಹುಣ್ಣನ್ನು ತಡೆಯಲಾರದು ಎಂಬುದು ಒರಟು ಗೆರೆ. ಕುಷ್ಠದ ಕ್ಷೇತ್ರಕಾರ್ಯದಲ್ಲಿ ಎಳೆ ಇಲ್ಲದಿದ್ದರೆ ಬಾಲ್‌ಪೆನ್ನಿನ ತುದಿಯೂ ಆದೀತು. ನೈಲಾನಿಗೊಂದು ಊನವಿದೆ: ನೀರು ಕುಡಿದರೆ ಮೆತ್ತಗಾಗುತ್ತದೆ. ಜುಲೈ ತಿಂಗಳ ಕಲ್ಯಾಣಿನ ಗಾಳಿಯಲ್ಲಿ ಹತ್ತು ಗ್ರಾಮಿನ ಎಳೆ ಹತ್ತು ಗ್ರಾಮಿಗಿಂತ ಮೊದಲೇ ಬಾಗಬಹುದು. ಹತ್ತು ಜನರನ್ನು ಪರೀಕ್ಷಿಸಿದ ಮೇಲೆ ಅದಕ್ಕೆ ಒಂದು ದಿನ ವಿಶ್ರಾಂತಿ ಕೊಡಬೇಕು ಎಂಬ ನಿಯಮವೂ ಇದೆ. ಸಾಲಿನಲ್ಲಿ ಇನ್ನೂರು ಜನ ಕಾಯುತ್ತಿರುವ ಶಿಬಿರದಲ್ಲಿ ಅದನ್ನು ಪಾಲಿಸುವವರು ಯಾರು?

ಕಡಿದುಹೋದ ತಂತಿಯ ಬದಲು ಇನ್ನೊಂದು ತಂತಿ ಎಳೆಯಲು ಬ್ರ್ಯಾಂಡ್ ವರ್ಷಗಟ್ಟಲೆ ಪ್ರಯತ್ನಿಸಿದರು. ಕೈಗವಸಿನಲ್ಲೂ ಬೂಟಿನಲ್ಲೂ ಒತ್ತಡ ಅಳೆಯುವ ಸಾಧನ ಹೊಲಿದು, ಮಿತಿ ಮೀರಿದರೆ ಶಬ್ದವಾಗುವಂತೆ ಮಾಡಿದರು. ಶಬ್ದವನ್ನು ಯಾರೂ ಲೆಕ್ಕಿಸಲಿಲ್ಲ. ಅರಿವಿರುವ ಕಂಕುಳಿಗೆ ಸಣ್ಣ ಶಾಕ್ ಕೊಟ್ಟು ನೋಡಿದರು. ಕೆಲಸಕ್ಕೆ ಅಡ್ಡಿಯಾದಾಗ ಜನ ಸ್ವಿಚ್ ಆರಿಸಿ ಕೆಲಸ ಮುಗಿಸಿ ಮತ್ತೆ ಹಾಕುತ್ತಿದ್ದರು. ಯಂತ್ರ ಕೆಟ್ಟಿರಲಿಲ್ಲ. ನಮ್ಮ ಚರ್ಮಕ್ಕೆ ಸ್ವಿಚ್ ಇಲ್ಲ, ಅದರ ತಿದ್ದುಪಡಿ ನಮ್ಮ ಒಪ್ಪಿಗೆಗೆ ಕಾಯುವುದಿಲ್ಲ, ಅದನ್ನು ತಂತಿ ಬ್ಯಾಟರಿಗಳಲ್ಲಿ ತರಲಾಗಲಿಲ್ಲ.

ಉಳಿದದ್ದು ಚಪ್ಪಲಿ. ಸೂಕ್ಷ್ಮ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರ್ ಒಳಗೆ, ಮುಳ್ಳು ತೂರದ ಗಟ್ಟಿ ತಳ ಹೊರಗೆ, ಹಿಮ್ಮಡಿಗೆ ಪಟ್ಟಿ. ಎಂಸಿಆರ್ ಚಪ್ಪಲಿ ಎಂದು ಕರೆಯುವ ಇದನ್ನು ಸರ್ಕಾರದ ಕುಷ್ಠ ಕಾರ್ಯಕ್ರಮದಲ್ಲಿ ಪುಕ್ಕಟೆ ಕೊಡುತ್ತಾರೆ. ಹೆಬ್ಬೆರಳಿನ ಬುಡದಲ್ಲಿ ಮಾತ್ರ ಬೀಳುತ್ತಿದ್ದ ಭಾರವನ್ನು ರಬ್ಬರ್ ಇಡೀ ಅಂಗಾಲಿಗೆ ಹಂಚುತ್ತದೆ. ಮೊಳೆ ಹೊಡೆದು ರಿಪೇರಿ ಮಾಡಬಾರದು, ಅಂಟಿಸಬೇಕು ಅಥವಾ ಹೊಲಿಯಬೇಕು, ಯಾಕೆಂದರೆ ಮೊಳೆ ಮೇಲೆದ್ದರೂ ತೊಟ್ಟವರಿಗೆ ತಿಳಿಯುವುದಿಲ್ಲ. ಒಳಗಿನ ರಬ್ಬರನ್ನು ಹೆಬ್ಬೆರಳು ತೋರುಬೆರಳ ನಡುವೆ ಅದುಮಿದಾಗ ದಪ್ಪ ಸುಮಾರು ಅರ್ಧಕ್ಕೆ ಇಳಿದರೆ ಸರಿ; ಇಳಿಯದಿದ್ದರೆ ಗಟ್ಟಿಯಾಗಿದೆ, ಬದಲಿಸುವ ಕಾಲ ಬಂತು. ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲಿದೆಯೇ ನೋಡಬೇಕು. ಕೈಗೂ ಅರಿವಿಲ್ಲದವರು ಚಪ್ಪಲಿಯನ್ನು ಬೆಳಕಿಗೆ ಹಿಡಿದು ಕಣ್ಣಿನಿಂದ ನೋಡುತ್ತಾರೆ, ಇಲ್ಲವೇ ಮೊಮ್ಮಕ್ಕಳಿಂದ ನೋಡಿಸುತ್ತಾರೆ. ಸಂಜೆ ಬಂದ ಮೇಲೆ ಅಂಗಾಲನ್ನು ನೀರಿನಲ್ಲಿ ನೆನೆಸಿ, ಕಾಯಿಗಟ್ಟಿದ್ದನ್ನು ಉಜ್ಜಿ, ಎಣ್ಣೆ ಸವರಿ, ಎಲ್ಲಿಯಾದರೂ ಕೆಂಪಗಾಗಿದೆಯೇ, ಮುಟ್ಟಿದವರ ಕೈಗೆ ಬಿಸಿಯಾಗಿದೆಯೇ ಎಂದು ನೋಡಿಸಿಕೊಳ್ಳಬೇಕು. ಬಿಸಿ ಇದ್ದರೆ ಮರುದಿನ ನಡಿಗೆ ಕಡಿಮೆ, ಇಲ್ಲವೇ ರಿಕ್ಷಾ.